ಜೀಪಿನ ತಗಡಿಗೆ ಟಿಗ್ ಮಿಷನ್ ಆರಿಸಿಕೊಂಡ ಬಗೆ

ಚಿಕ್ಕಮಗಳೂರಿನ ಆಲ್ದೂರು ಕಡೆ ತೋಟದ ಮನೆ ಅಂದರೆ ಶೆಡ್ಡಿನಲ್ಲಿ ಒಂದು ಹಳೇ ಜೀಪು ಇದ್ದೇ ಇರುತ್ತದೆ. ನಮ್ಮದು ಮಹೀಂದ್ರಾ ಎಂಎಂ 540. ಮಲೆನಾಡಿನ ಮಳೆ, ಕೆಸರು ಸೇರಿ ಅದರ ಫ್ಲೋರನ್ನು ತುಕ್ಕು ತಿಂದು ಹಾಕಿತ್ತು. ಮನೆಯಲ್ಲಿ ರಾಡು ಹಾಕಿ ಸುಡುವ ಆರ್ಕ್ ಮಿಷನ್ ಇತ್ತು. ಗೇಟು, ಟ್ರೇಲರ್ ಕೆಲಸಕ್ಕೆ ಅದು ಚೆನ್ನಾಗಿದೆ. ಆದರೆ 1 ಮಿ.ಮೀ. ತಗಡಿಗೆ ರಾಡು ಮುಟ್ಟಿಸಿದರೆ ಬೆಸುಗೆಗಿಂತ ಮೊದಲು ತೂತು ಬೀಳುತ್ತದೆ. ಹಾಗಾಗಿ ಟಿಗ್ ಕಡೆ ಮನಸ್ಸು ಹೋಯಿತು. ಇದರಲ್ಲಿ ಕರಗದ ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ಆರ್ಕ್, ಅಂದರೆ ಕರೆಂಟಿನ ಜ್ವಾಲೆ ಹೊತ್ತುತ್ತದೆ, ಸುತ್ತ ಆರ್ಗಾನ್ ಗ್ಯಾಸ್ ಬೆಸುಗೆಯನ್ನು ಕಾಯುತ್ತದೆ. ನಮ್ಮ ಊರಿನ ವರ್ಕ್‌ಶಾಪುಗಳಲ್ಲಿ ಇದಕ್ಕೆ ಆರ್ಗಾನ್ ವೆಲ್ಡಿಂಗ್ ಅನ್ನುತ್ತಾರೆ.

ವೈರು ತಾನೇ ಬಂದು ಕರಗುವ ಮಿಗ್ ಯಾಕೆ ಬೇಡ ಅಂತ ಗೆಳೆಯರು ಕೇಳಿದರು. ಸರಿಯಾದ ಪ್ರಶ್ನೆಯೇ. ಮಿಗ್ ಬೇಗ ಕೆಲಸ ಮುಗಿಸುತ್ತದೆ, ಕಲಿಯುವುದೂ ಸುಲಭ. ಆದರೆ ಟಿಗ್‌ನಲ್ಲಿ ಶಾಖ ಒಂದು ಕೈಯಲ್ಲಿ, ಕರಗಿ ಸಂದು ತುಂಬುವ ಫಿಲ್ಲರ್ ವೈರು ಇನ್ನೊಂದು ಕೈಯಲ್ಲಿ. ಎಷ್ಟು ಬೇಕೋ ಅಷ್ಟೇ ಹಾಕಬಹುದು. ಕಿಡಿ ಹಾರುವುದಿಲ್ಲ. ಬೆಸುಗೆ ಮೆತ್ತಗಿರುವುದರಿಂದ ಸುತ್ತಿಗೆಯಿಂದ ತಟ್ಟಿ ತಗಡನ್ನು ಮತ್ತೆ ಸಮ ಮಾಡಬಹುದು. ಸ್ಟೇನ್‌ಲೆಸ್ ಸೈಲೆನ್ಸರ್ ಪೈಪು ಮಾಡುವ ಆಸೆಯೂ ಇತ್ತು. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಟಿಗ್‌ಗೆ ತುಕ್ಕು, ಪೇಂಟು, ಎಣ್ಣೆ ಯಾವುದೂ ಆಗಿಬರುವುದಿಲ್ಲ. ಹೊಳೆಯುವ ಲೋಹ ಕಾಣುವವರೆಗೆ ಕತ್ತರಿಸಿ, ಉಜ್ಜಬೇಕು. ಆ ತಾಳ್ಮೆ ಇಲ್ಲದವರಿಗೆ ಮಿಗ್ಗೇ ಸರಿ.

ಅಂಗಡಿಗೆ ಹೋದರೆ ಎಲ್ಲರೂ ಮೊದಲು ತೋರಿಸುವುದು ಮಿಷನ್ ಮೇಲಿನ ದೊಡ್ಡ ಅಂಕಿ: 200, 250, 315 ಆಂಪ್. ಸ್ಟೀಲಿಗೆ ಒಂದು ಮಿ.ಮೀ. ದಪ್ಪಕ್ಕೆ ಸುಮಾರು 40 ಆಂಪ್ ಅನ್ನುವುದು ವೆಲ್ಡರುಗಳ ಅಂದಾಜು. ಜೀಪಿನ ತಗಡು 1 ಮಿ.ಮೀ. ಆಸುಪಾಸು, ಬ್ರಾಕೆಟ್ಟು 3 ಮಿ.ಮೀ. ಅಂದರೆ ನನ್ನ ಕೆಲಸವೆಲ್ಲ 120 ಆಂಪ್ ಒಳಗೇ ಮುಗಿಯುತ್ತದೆ. ಹಾಗಾಗಿ ನಾನು ಕೇಳಿದ್ದು ಉಲ್ಟಾ ಪ್ರಶ್ನೆ: ಇದು ಎಷ್ಟು ಕೆಳಗೆ ಇಳಿಯುತ್ತದೆ? 10 ಆಂಪ್‌ನಲ್ಲೂ ಆರ್ಕ್ ನಡುಗದೆ ನಿಲ್ಲಬೇಕು. ತೆಳು ತಗಡಿನ ಅಂಚಿಗೆ ಬಂದಾಗ ಶಾಖವನ್ನು ಮೆಲ್ಲಗೆ ಇಳಿಸಿ ಮುಗಿಸಬೇಕಾಗುತ್ತದೆ. ಕೆಳಗಿನ ಆಂಪ್ ಸರಿಯಿಲ್ಲದ ಮಿಷನ್ ಅಲ್ಲೇ ತೂತು ಮಾಡುತ್ತದೆ. ಅಂಗಡಿಯಲ್ಲೇ ತಗಡಿನ ತುಂಡು ಕೊಟ್ಟು ಸುಟ್ಟು ತೋರಿಸಿ ಅಂತ ಕೇಳಿದೆ. ಕೇಳಲು ಸಂಕೋಚ ಬೇಡ, ದುಡ್ಡು ಕೊಡುವವರು ನಾವು ಅಲ್ವಾ.

ಆರ್ಕ್ ಹೊತ್ತಿಸುವುದಕ್ಕೆ ಎಚ್‌ಎಫ್ (ಹೈ ಫ್ರೀಕ್ವೆನ್ಸಿ) ಇರಲೇಬೇಕು. ಅಂದರೆ ಟಂಗ್‌ಸ್ಟನ್ ಲೋಹಕ್ಕೆ ತಾಗದೆಯೇ ಕಿಡಿ ಹೊತ್ತಬೇಕು. ಕೆರೆದು ಹೊತ್ತಿಸಿದರೆ ತುದಿ ಹಾಳಾಗುತ್ತದೆ, ತಗಡಿಗೂ ಕಲೆ. ಶಾಖ ಏರಿಸಿ ಇಳಿಸುವ ಕಾಲಿನ ಪೆಡಲ್ ಹಾಕುವ ಜಾಗವೂ ಇರಬೇಕು. ಮೇಜಿನ ಮೇಲೆ ಪೆಡಲ್‌ನಷ್ಟು ಹಿತವಾದದ್ದು ಬೇರೆ ಇಲ್ಲ. ಆದರೆ ಜೀಪಿನ ಕೆಳಗೆ ಮಲಗಿದಾಗ ಪೆಡಲ್ ತುಳಿಯಲು ಕಾಲು ಎಲ್ಲಿ? ಅಲ್ಲಿ ಕೈಯಲ್ಲಿ ಹಿಡಿದು ಬೆಸೆಯುವ ಟಾರ್ಚಿನ ಬಟನ್, ಬಟನ್ ಒತ್ತಿ ಬಿಟ್ಟರೂ ಆರ್ಕ್ ಉಳಿಸುವ 4ಟಿ ಸೆಟ್ಟಿಂಗ್, ಕೊನೆಗೆ ಶಾಖವನ್ನು ತಾನೇ ಇಳಿಸುವ ಡೌನ್‌ಸ್ಲೋಪ್ ಇವೇ ಗತಿ. ಹಾಗಾಗಿ ಎರಡೂ ಇರುವುದನ್ನೇ ನೋಡಿದೆ. ಕರೆಂಟನ್ನು ಏರಿಸಿ ಇಳಿಸಿ ಕೊಡುವ ಪಲ್ಸ್ ಇದ್ದರೆ ತೆಳು ತಗಡು ಸೊಟ್ಟಗಾಗುವುದು ಕಡಿಮೆ. ಜೊತೆಗೆ ಕೊಡುವ ಟಾರ್ಚ್ ಸಾಮಾನ್ಯವಾಗಿ ಡಬ್ಲ್ಯೂಪಿ 26, ಮೂಲೆಗಳಿಗೆ ಅದು ದಪ್ಪ ಮತ್ತು ಭಾರ. ನಾನು ಬಗ್ಗುವ ಕುತ್ತಿಗೆಯ ಡಬ್ಲ್ಯೂಪಿ 17 ತಗೊಂಡೆ.

ಇನ್ನು ದೊಡ್ಡ ಪ್ರಶ್ನೆ, ದಿಕ್ಕು ಬದಲಿಸುತ್ತಲೇ ಇರುವ ಎಸಿ ಕರೆಂಟು ಬೇಕೋ ಬೇಡವೋ. ಸ್ಟೀಲು, ಸ್ಟೇನ್‌ಲೆಸ್‌ಗೆ ಒಂದೇ ದಿಕ್ಕಿನ ಡಿಸಿ ಸಾಕು. ಅಲ್ಯೂಮಿನಿಯಂಗೆ ಎಸಿ ಬೇಕು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಅದರ ಮೇಲಿನ ಆಕ್ಸೈಡ್ ಪದರ ಕರಗಲು 2,000 ಡಿಗ್ರಿ ದಾಟಬೇಕು. ಎಸಿಯ ಒಂದು ಅರ್ಧ ಸುತ್ತು ಆ ಪದರವನ್ನು ಒಡೆಯುತ್ತದೆ, ಇನ್ನೊಂದು ಅರ್ಧ ಲೋಹ ಕರಗಿಸುತ್ತದೆ. ಎಸಿ-ಡಿಸಿ ಎರಡೂ ಇರುವ ಮಿಷನ್ನಿಗೆ ದುಡ್ಡು ತುಂಬಾ ಜಾಸ್ತಿ. ನಮ್ಮ ಜೀಪಿನಲ್ಲಿ ನಾನು ವೆಲ್ಡ್ ಮಾಡುವಂಥ ಅಲ್ಯೂಮಿನಿಯಂ ಇಲ್ಲವೇ ಇಲ್ಲ. ಡಿಸಿ ತಗೊಂಡು, ಉಳಿದ ದುಡ್ಡನ್ನು ಸ್ವಂತ ಸಿಲಿಂಡರ್, ಒಳ್ಳೆಯ ರೆಗ್ಯುಲೇಟರ್, ಆರ್ಕ್ ಹೊತ್ತಿದ ಕೂಡಲೇ ಗಾಜು ತಾನೇ ಕಪ್ಪಾಗುವ ಆಟೋ ಹೆಲ್ಮೆಟ್ಟಿಗೆ ಹಾಕಿದೆ. ಇಂಟರ್‌ಕೂಲರ್ ಪೈಪು, ಅಲಾಯ್ ಭಾಗ ಅಂತ ಹೊಸ ಕಾರಿನ ಕೆಲಸ ಮಾಡುವವರ ಲೆಕ್ಕ ಬೇರೆ. ಅವರು ಎಸಿ ಬಿಡಬಾರದು.

ನನ್ನ ಆಯ್ಕೆಯನ್ನು ನಿಜವಾಗಿ ತೀರ್ಮಾನಿಸಿದ್ದು ಮಾತ್ರ ಕರೆಂಟು. ಹಾಸನದ ಒಬ್ಬ ಹಿರಿಯ ವೆಲ್ಡರ್, ‘ಮಿಷನ್ ಆಮೇಲೆ ನೋಡಿ ಸಾರ್, ಮೊದಲು ಶೆಡ್ಡಿಗೆ ಎಷ್ಟು ವೋಲ್ಟ್ ಬರ್ತದೆ ಅಳೀರಿ’ ಅಂದರು. ತೋಟದ ಪಂಪು ಓಡುವಾಗ, ಸಂಜೆ ಎಲ್ಲರ ಮನೆ ದೀಪ ಹತ್ತಿದಾಗ ಮಲ್ಟಿಮೀಟರ್ ಹಿಡಿದು ನೋಡಿದೆ. 230 ಇರಬೇಕಾದದ್ದು 190ರ ಹತ್ತಿರ ಇಳಿಯುತ್ತಿತ್ತು. ಸಾಮಾನ್ಯ ಇನ್ವರ್ಟರ್ ಮಾದರಿಯ ವೆಲ್ಡಿಂಗ್ ಮಿಷನ್ ಶೇ 15ರಷ್ಟು ಏರಿಳಿತ ತಡೆಯುತ್ತದೆ, ಅಂದರೆ 195ರವರೆಗೆ. ಅದಕ್ಕೇ ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟು) ಇರುವ, ಕಡಿಮೆ ವೋಲ್ಟೇಜಿನಲ್ಲೂ ನಿಲ್ಲುವ ಮಿಷನ್ ಹುಡುಕಿದೆ. ಜಾಸ್ತಿ ಕೊಟ್ಟ ದುಡ್ಡಿಗೆ ಇಲ್ಲಿ ಬೆಲೆ ಇದೆ. ಮನೆಯಿಂದ ಶೆಡ್ಡಿಗೆ 4 ಚದರ ಮಿ.ಮೀ. ತಾಮ್ರದ ವೈರು, ಬೇರೆ ಎಂಸಿಬಿ, ಬೇರೆ ಅರ್ತಿಂಗ್ ಎಳೆಸಿದೆ. ಇದಿಲ್ಲದೆ ಎಂಥ ಒಳ್ಳೆಯ ಮಿಷನ್ ತಂದರೂ ಪ್ರಯೋಜನ ಇಲ್ಲ.

ಡ್ಯೂಟಿ ಸೈಕಲ್ ಬಗ್ಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. 200 ಆಂಪ್‌ಗೆ ಶೇ 60 ಅಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಸುಡಬಹುದು. ಹವ್ಯಾಸದವರು 60 ಆಂಪ್‌ನಲ್ಲಿ ಒಂದಿಂಚು ಬೆಸೆದು, ತಗಡು ತಣಿಯಲು ಬಿಟ್ಟು, ಮತ್ತೆ ಬೆಸೆಯುವವರು.

ಗ್ಯಾಸ್ ತರುವಾಗ ಶುದ್ಧ ಆರ್ಗಾನ್ ಅಂತ ಒತ್ತಿ ಹೇಳಬೇಕು. ಮಿಗ್‌ಗೆ ಕೊಡುವ ಸಿಒ2 ಬೆರೆತ ಗ್ಯಾಸ್ ಬಂದರೆ ಟಂಗ್‌ಸ್ಟನ್ ಉರಿದು ಹೋಗುತ್ತದೆ. ನಿಮಿಷಕ್ಕೆ 7–8 ಲೀಟರ್ ಸಾಕು. ನಮ್ಮ ಶೆಡ್ಡಿಗೆ ಒಂದು ಕಡೆ ಗೋಡೆಯಿಲ್ಲ, ಗಾಳಿ ಬೀಸಿದರೆ ಗ್ಯಾಸ್ ಹಾರಿ ಬೆಸುಗೆಯಲ್ಲಿ ಸಣ್ಣ ತೂತುಗಳು ಬೀಳುತ್ತವೆ. ಟಾರ್ಪಾಲಿನ್ ಇಳಿಬಿಟ್ಟಿದ್ದೇನೆ. ತಗಡು ಒರೆಸಲು ಅಸಿಟೋನ್ ಬಳಸಿ, ಅದು ಪೂರ್ತಿ ಆರಿದ ಮೇಲೆಯೇ ಆರ್ಕ್ ಹೊತ್ತಿಸಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಮುಟ್ಟಲೇಬೇಡಿ, ಆರ್ಕ್ ತಗುಲಿದರೆ ಫಾಸ್ಜೀನ್ ಎಂಬ ವಿಷಗಾಳಿ ಏಳುತ್ತದೆ. ಇದು ಪ್ರಾಣದ ವಿಷಯ.

ಟಿಗ್ ಬಂತು ಅಂದ ಕೂಡಲೇ ಹುಡುಗರು ಗಾಡಿ ಮಗುಚಿದರೆ ಒಳಗಿನವರನ್ನು ಕಾಯುವ ರೋಲ್ ಕೇಜ್ ಮಾಡಿಕೊಡಿ ಅಂತ ಬರುತ್ತಾರೆ. ಬಂದೇ ಬರುತ್ತಾರೆ, ರ‍್ಯಾಲಿ ನಮ್ಮೂರಿನ ಹುಚ್ಚು. ಹಿಂದೆ ಕೆಲವು ವರ್ಷ ಏಷ್ಯಾ ಪೆಸಿಫಿಕ್ ರ‍್ಯಾಲಿಯ ಸುತ್ತು ಇಲ್ಲಿನ ಕಾಫಿ ತೋಟದ ದಾರಿಗಳಲ್ಲೇ ನಡೆದಿತ್ತು. ಕಾರು ರೇಸಿನ ವಿಶ್ವ ಸಂಸ್ಥೆ ಎಫ್‌ಐಎ ನಿಯಮದಲ್ಲಿ ಕೇಜಿನ ಮುಖ್ಯ ಹೂಪಿಗೆ (ಸೀಟಿನ ಹಿಂದಿನ ಕಮಾನಿಗೆ) 45 ಮಿ.ಮೀ. ಅಗಲ, 2.5 ಮಿ.ಮೀ. ದಪ್ಪದ ಸೀಮ್‌ಲೆಸ್ ಪೈಪು, ಇಲ್ಲವೇ 50 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ್ದು ಬೇಕು. ನನ್ನ ಮಿಷನ್ ಅದನ್ನು ಬೆಸೆಯುತ್ತದೆ. ಆದರೂ ಒಲ್ಲೆ ಅನ್ನುತ್ತೇನೆ. ಜೀವ ಉಳಿಸಬೇಕಾದ ಬೆಸುಗೆಯನ್ನು ದಿನಾ ಅದನ್ನೇ ಮಾಡುವವರು, ಪರೀಕ್ಷೆ ಮಾಡಿ ನೋಡುವವರು ಮಾಡಬೇಕು.

ಶುರುಮಾಡುವವರಿಗೆ ನನ್ನ ಸೆಟ್ಟಿಂಗ್: 1 ಮಿ.ಮೀ. ತಗಡಿಗೆ 1.6 ಮಿ.ಮೀ. ಟಂಗ್‌ಸ್ಟನ್, ನೀಲಿ ತುದಿಯದ್ದು, ಪೆಡಲ್ ಪೂರ್ತಿ ಒತ್ತಿದರೆ 45 ಆಂಪ್, ಫಿಲ್ಲರ್ ಇಆರ್ 70ಎಸ್-2, ಆರ್ಕ್ ನಿಂತ ಮೇಲೆ 5 ಸೆಕೆಂಡು ಗ್ಯಾಸ್. ಸ್ಟೇನ್‌ಲೆಸ್ ಸೈಲೆನ್ಸರ್ ಪೈಪಿಗೆ ಇಆರ್ 308ಎಲ್. ಆ ಪೈಪಿನ ಎರಡೂ ತುದಿ ಮುಚ್ಚಿ, ಒಂದು ಸಣ್ಣ ತೂತು ಬಿಟ್ಟು, ಒಳಗೂ ಆರ್ಗಾನ್ ತುಂಬಬೇಕು. ಇಲ್ಲದಿದ್ದರೆ ಹೊರಗೆ ಬೆಸುಗೆ ಎಷ್ಟು ಚಂದ ಕಂಡರೂ ಒಳಗೆ ಕಪ್ಪು ಹರಳುಗಟ್ಟಿ, ಅಲ್ಲಿಂದಲೇ ಬಿರುಕು ಶುರುವಾಗುತ್ತದೆ.