ಕೆನಡಾದಲ್ಲಿ ಕನ್ನಗಳವು, ಬಂದೂಕು ಕಳವು: ಶಿಕ್ಷೆಯ ತೀರ್ಪನ್ನು ಓದುವ ಬಗೆ

ಇಂಥ ತೀರ್ಪು ಕೈಗೆ ಬಂದಾಗ ವರ್ಷಗಳ ಲೆಕ್ಕಕ್ಕೆ ಹೋಗುವ ಮುನ್ನ, ಅಪರಾಧ ಸಾಬೀತಾಗಿರುವುದು ಯಾವ ಸೆಕ್ಷನ್ನಿನಡಿ ಎಂಬುದನ್ನು ನೋಡಿಕೊಳ್ಳಬೇಕು. ಕ್ರಿಮಿನಲ್ ಕೋಡ್‌ನ 348ನೇ ಸೆಕ್ಷನ್ ಸಾಮಾನ್ಯ ಕನ್ನಗಳವಿಗೆ ಸಂಬಂಧಿಸಿದ್ದು. ನುಗ್ಗಿದ್ದು ವಾಸದ ಮನೆಗಾದರೆ ಗರಿಷ್ಠ ಶಿಕ್ಷೆ ಜೀವಾವಧಿ, ಅಂಗಡಿ ಅಥವಾ ಗೋದಾಮಿಗಾದರೆ 10 ವರ್ಷ. ಬಂದೂಕು ಕದಿಯಲೆಂದೇ ನುಗ್ಗಿದವರಿಗೆ 2008ರಲ್ಲಿ 98ನೇ ಸೆಕ್ಷನ್ ಬಂತು. ಅದರಡಿ ಸ್ಥಳ ಮನೆಯೇ ಆಗಿರಬೇಕೆಂದಿಲ್ಲ, ನಿಲ್ಲಿಸಿದ ಕಾರು ಅಥವಾ ಪಿಕಪ್ ಟ್ರಕ್ ಆದರೂ ಗರಿಷ್ಠ ಶಿಕ್ಷೆ ಜೀವಾವಧಿಯೇ. ಕನ್ನ ಎಂದೊಡನೆ ನಮಗೆ ಗೋಡೆ ಕೊರೆದ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಅಲ್ಲಿನ ಕಾನೂನಿಗಾದರೋ ಬೀಗ ಹಾಕದೆ ಬರಿದೇ ಮುಚ್ಚಿದ ಬಾಗಿಲನ್ನು ತಳ್ಳಿ ತೆರೆದರೂ ಅದು ಒಡೆದಂತೆಯೇ.

ಜೀವಾವಧಿ ಎಂಬ ಮಾತನ್ನು ಕಂಡು ಅಷ್ಟಕ್ಕೇ ನಿಲ್ಲಬಾರದು, ಏಕೆಂದರೆ ಅದು ಮೇಲಿನ ಮಿತಿ ಮಾತ್ರ, ಮತ್ತು ಈ ಎರಡು ಸೆಕ್ಷನ್ನುಗಳಲ್ಲಿ ಕನಿಷ್ಠ ಶಿಕ್ಷೆಯನ್ನು ಗೊತ್ತುಪಡಿಸಿಲ್ಲ. ನ್ಯಾಯಾಧೀಶರು 718.1ರ ಪ್ರಕಾರ ಅಪರಾಧದ ಗಾಂಭೀರ್ಯ ಮತ್ತು ಅಪರಾಧಿಯ ಹೊಣೆಗಾರಿಕೆಗೆ ತಕ್ಕಂತೆ ಪ್ರಮಾಣವನ್ನು ನಿರ್ಧರಿಸುತ್ತಾರೆ. ಮನೆಯೊಳಗೆ ಜನರಿದ್ದಾರೆಂದು ತಿಳಿದೂ ನುಗ್ಗಿ ಹಿಂಸೆ ಮಾಡಿದ್ದರೆ ಅಥವಾ ಬೆದರಿಸಿದ್ದರೆ 348.1ರ ಪ್ರಕಾರ ಅದು ಶಿಕ್ಷೆಯನ್ನು ಹೆಚ್ಚಿಸುವ ಅಂಶ. ಕದ್ದ ಬಂದೂಕುಗಳು ಸಿಕ್ಕವೋ, ಕೈಬದಲಾಗಿ ಹೋದವೋ ಎಂಬ ಭಾಗವನ್ನು ವಿಶೇಷ ಗಮನದಿಂದ ಓದಿ. ನನ್ನ ದೃಷ್ಟಿಯಲ್ಲಿ ಸಮಾಜಕ್ಕೊದಗಿದ ಅಪಾಯದ ನಿಜವಾದ ಅಳತೆ ಅಲ್ಲಿದೆ. ಅಪರಾಧಿ ಮೂಲನಿವಾಸಿಯಾದರೆ 718.2(ಇ) ಮತ್ತು ಕೆನಡಾದ ಸುಪ್ರೀಂ ಕೋರ್ಟ್ ನೀಡಿದ 1999ರ ಗ್ಲಾಡ್ಯೂ ತೀರ್ಪಿನಂತೆ ಆತನ ಸಮುದಾಯ ಅನುಭವಿಸಿದ ಇತಿಹಾಸವನ್ನೂ ತೂಗಲೇಬೇಕು.

ಆರೋಪಗಳು ಹಲವಿದ್ದರೆ ಶಿಕ್ಷೆಗಳು ಒಟ್ಟೊಟ್ಟಿಗೆ ಸಾಗುವವೋ, ಒಂದಾದ ಮೇಲೊಂದೋ ಎಂದು ನೋಡಿ. ಬಳಿಕ ವಿಚಾರಣೆಗೆ ಮುನ್ನ ಬಂಧನದಲ್ಲಿದ್ದ ಅವಧಿಯನ್ನು ಶಿಕ್ಷೆಯಿಂದ ಕಳೆಯಬೇಕು: ಒಂದು ದಿನಕ್ಕೆ ಗರಿಷ್ಠ ಒಂದೂವರೆ ದಿನದಂತೆ. 36 ತಿಂಗಳ ಶಿಕ್ಷೆಯಲ್ಲಿ 10 ತಿಂಗಳ ಬಂಧನಕ್ಕೆ 15 ತಿಂಗಳು ಸಂದರೆ ಉಳಿಯುವುದು 21 ತಿಂಗಳು. ಅದು ಎರಡು ವರ್ಷಕ್ಕಿಂತ ಕಡಿಮೆಯಾದ್ದರಿಂದ ಆತ ಹೋಗುವುದು ಫೆಡರಲ್ ಸೆರೆಮನೆಗಲ್ಲ, ಪ್ರಾಂತೀಯ ಜೈಲಿಗೆ. ಕೊನೆಯಲ್ಲಿ ಬರುವ ಶಸ್ತ್ರ ನಿಷೇಧದ ಆದೇಶವನ್ನೂ ಬಿಡದೆ ಓದಿ.

ಕೆನಡಾದಲ್ಲಿ ನೆಲೆಸಿ ಇನ್ನೂ ಪೌರತ್ವ ಪಡೆಯದ ಕನ್ನಡಿಗರ ಕುಟುಂಬಗಳು ಮತ್ತೊಂದು ಕಾನೂನನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. ವಲಸೆ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ, ಗರಿಷ್ಠ ಶಿಕ್ಷೆ 10 ವರ್ಷ ಅಥವಾ ಅದಕ್ಕಿಂತ ಹೆಚ್ಚಿರುವ ಅಪರಾಧ ಸಾಬೀತಾದರೆ, ವಿಧಿಸಿದ ಶಿಕ್ಷೆ ಎಷ್ಟೇ ಅಲ್ಪವಾಗಿದ್ದರೂ ಕಾಯಂ ನಿವಾಸಿಯು ದೇಶದಲ್ಲಿ ಉಳಿಯುವ ಅರ್ಹತೆಯನ್ನು ಕಳೆದುಕೊಳ್ಳಬಹುದು. ಆರು ತಿಂಗಳು ಅಥವಾ ಹೆಚ್ಚಿನ ಸೆರೆವಾಸವಾದರೆ ಗಡೀಪಾರಿನ ವಿರುದ್ಧ ವಲಸೆ ಮೇಲ್ಮನವಿ ವಿಭಾಗಕ್ಕೆ ಹೋಗುವ ದಾರಿಯೂ ಮುಚ್ಚುತ್ತದೆ. ಈ ಪರಿಣಾಮವನ್ನು ನ್ಯಾಯಾಧೀಶರು ಪರಿಗಣಿಸಬಹುದೆಂದು ಸುಪ್ರೀಂ ಕೋರ್ಟ್ 2013ರ ಫಾಮ್ ಪ್ರಕರಣದಲ್ಲಿ ಹೇಳಿತಾದರೂ, ಅದಕ್ಕಾಗಿ ಶಿಕ್ಷೆಯನ್ನು ನ್ಯಾಯವಾದ ಪ್ರಮಾಣಕ್ಕಿಂತ ಕೆಳಗಿಳಿಸುವಂತಿಲ್ಲ. ಆದ್ದರಿಂದ ತಪ್ಪೊಪ್ಪಿಗೆಗೆ ಮೊದಲೇ ವಕೀಲರಿಗೆ ತಮ್ಮ ವಲಸೆ ಸ್ಥಿತಿಯನ್ನು ತಿಳಿಸಬೇಕು.