ಹಳೇ ತೇಗದ ಗಿಟಾರ್ ನೆಕ್, ಕೈಗರಗಸದ ಫ್ರೆಟ್: ನನ್ನ ಅನುಭವ

ಎಲೆಕ್ಟ್ರಿಕ್ ಗಿಟಾರಿನ ನೆಕ್‌ಗೆ, ಅಂದರೆ ಉದ್ದನೆಯ ಕತ್ತಿಗೆ, ತೇಗ ಹಾಕಿದರೆ ಅಂಟು ಹಿಡಿಯಲ್ಲ, ಅದರ ಮೇಲಿನ ಫ್ರೆಟ್‌ಗಳ (ಸ್ವರದ ಅಡ್ಡಪಟ್ಟಿಗಳ) ಗೀರನ್ನು ಕೈಯಲ್ಲಿ ಕೊಯ್ದರೆ ಶ್ರುತಿ ಕೂರಲ್ಲ ಅಂದವರೇ ಹೆಚ್ಚು. ಎರಡೂ ಆಗುತ್ತೆ. ಹಳೇ ಬಾಗಿಲಿನ ಚೌಕಟ್ಟಿನ ತೇಗದಿಂದ ಮಾಡಿದ ನೆಕ್ ತೇವದ ದಿನಗಳಲ್ಲೂ ಒಣಹವೆಯಲ್ಲೂ ನೆಟ್ಟಗೆ ನಿಂತಿದೆ.

ನೆಕ್ಕಿಗೆ ಮೂರು ಪಟ್ಟಿ, ನಡುವಿನದರ ಎಳೆ ತಿರುವುಮುರುವು. ತೇಗದ ಎಣ್ಣೆಯೇ ಶತ್ರು. ಕೀಸಿದ ಮೈಯನ್ನು ಅಸಿಟೋನಿನಲ್ಲಿ ಒರೆಸಿ, ಅದು ಆರಿದ ತಕ್ಷಣ ಎಪಾಕ್ಸಿ ಹಚ್ಚಬೇಕು. ಮರುದಿನಕ್ಕೆ ಬಿಟ್ಟರೆ ಎಣ್ಣೆ ಮತ್ತೆ ಮೇಲೆ ಬರುತ್ತೆ, ಬೆಸೆದ ಗೆರೆ ಬಾಯಿಬಿಡುತ್ತೆ. ಕ್ಲ್ಯಾಂಪ್ ಜೋರಾಗಿ ಬಿಗಿದರೂ ಅಷ್ಟೇ, ಎಪಾಕ್ಸಿಯೆಲ್ಲ ಹೊರಗೆ ಬಂದು ಒಳಗೆ ಏನೂ ಉಳಿಯಲ್ಲ.

ನೆಕ್ಕಿನ ಬಾಗು ಸರಿಪಡಿಸುವ ಒಳಗಿನ ಸರಳೇ ಟ್ರಸ್ ರಾಡ್. ಅದರ ಕಾಲುವೆ 6 ಮಿ.ಮೀ. ಅಗಲ, ಸುಮಾರು 10 ಆಳ. ಮೊದಲ ಫ್ರೆಟ್ ಹತ್ತಿರ ನೆಕ್ಕಿನ ಒಟ್ಟು ದಪ್ಪ 21, ಅದರಲ್ಲಿ ಫ್ರೆಟ್ ಕೂರುವ ಬೀಟೆಯ ಹಲಗೆ, ಅಂದರೆ ಫ್ರೆಟ್‌ಬೋರ್ಡೇ 6. ಹಾಗಾಗಿ ಕಾಲುವೆಯ ತಳದಲ್ಲಿ ಉಳಿಯೋದು 5 ಮಾತ್ರ. ಬೆನ್ನು ದುಂಡಗೆ ಮಾಡುವಾಗ ಅರ ಇಲ್ಲೇ ದಾರಿ ತಪ್ಪೋದು.

ಈಗ ಫ್ರೆಟ್. ಸ್ಕೇಲ್, ಅಂದರೆ ನಟ್‌ನಿಂದ (ನೆಕ್ಕಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಬ್ರಿಡ್ಜಿನವರೆಗೆ (ಗಿಟಾರಿನ ಮೈಮೇಲೆ ತಂತಿಗೆ ಆಧಾರ) ತಂತಿ ಮಿಡಿಯುವ ಉದ್ದ, 648 ಮಿ.ಮೀ. ಮೊದಲನೆಯದು 36.4, ಐದನೆಯದು 162.5, ಹನ್ನೆರಡನೆಯದು 324, ಇಪ್ಪತ್ತೆರಡನೆಯದು 466.2. ಎಲ್ಲವನ್ನೂ ನಟ್‌ನಿಂದಲೇ ಅಳೆಯಬೇಕು. ಹಿಂದಿನ ಫ್ರೆಟ್‌ನಿಂದ ಅಳೆಯುತ್ತ ಹೋದರೆ ಕೂದಲೆಳೆಯ ವ್ಯತ್ಯಾಸ ಸೇರಿ ಸೇರಿ ಕೊನೆಗೆ ಮಿಲಿಮೀಟರ್ ಆಗುತ್ತೆ. ಪೆನ್ಸಿಲ್ ಬೇಡ, ಚಾಕುವಿನ ಗೀರು ಹಾಕಿ. ಗರಗಸದ ಹಲ್ಲು ಅದರಲ್ಲೇ ಕೂರುತ್ತೆ. ಬೋರ್ಡು ಇನ್ನೂ ಚಪ್ಪಟೆಯಾಗಿ, ಅಂಚು ಮಟ್ಟಸವಾಗಿ ಇರುವಾಗಲೇ ಕೊಯ್ಯಿರಿ, ದುಂಡು ಆಮೇಲೆ. ಗರಗಸ ಅಲುಗದಂತೆ ಹಿಡಿಯುವ ಕಟ್ಟಿಗೆಯ ಅಚ್ಚು ನನ್ನದೇ, ಅದರ ಅಳತೆ ಸದ್ಯ ನನ್ನಲ್ಲೇ ಇರಲಿ.

ಗರಗಸದ ಗೀರು ಫ್ರೆಟ್‌ಗೆ ತೀರ ಬಿಗಿಯಾದರೆ 22 ಫ್ರೆಟ್ಟೂ ಬೆಣೆಯಂತೆ ಕೆಲಸ ಮಾಡಿ ನೆಕ್ಕನ್ನು ಹಿಂದಕ್ಕೆ ಬಗ್ಗಿಸುತ್ತವೆ. ಆಗ ಒಮ್ಮುಖದ ರಾಡ್ ಏನೂ ಮಾಡಲ್ಲ, ಇಮ್ಮುಖದ್ದೇ ಹಾಕಿ. ಗೀರು ಸಡಿಲವಾದರೆ ಫ್ರೆಟ್ಟಿನ ತುದಿ ಏಳುತ್ತೆ. ತೆಳು ಸೂಪರ್ ಗ್ಲೂ ಒಂದು ಹನಿ ಸಾಕು.

ಬ್ರಿಡ್ಜಿಗೆ ತೂತು ಕೊರೆಯುವ ಮುಂಚೆ ಎರಡೂ ಅಂಚಿನ ತಂತಿಯ ಜಾಗದಲ್ಲಿ ದಾರ ಎಳೆದು ನೋಡಿ. ತೆಳು ತಂತಿಯ ಸ್ಯಾಡಲ್ (ಬ್ರಿಡ್ಜಿನಲ್ಲಿ ತಂತಿ ಕೂರುವ, ಹಿಂದೆಮುಂದೆ ಸರಿಯುವ ತುಂಡು) ಹೆಚ್ಚೂಕಡಿಮೆ 648ಕ್ಕೇ ಕೂರುತ್ತೆ, ದಪ್ಪದ್ದು ಸುಮಾರು 3 ಮಿ.ಮೀ. ಹಿಂದೆ ಸರಿಯುತ್ತೆ. ಅಷ್ಟು ಜಾಗ ಸ್ಕ್ರೂನಲ್ಲಿ ಇರಲೇಬೇಕು.

ದುಡ್ಡಿನ ಮಾತು. ಮರಕ್ಕೆ ಹೋಗಿದ್ದು ಅಲ್ಪ; ಅರ್ಧಕ್ಕಿಂತ ಹೆಚ್ಚು ಟ್ಯೂನರ್ (ತಂತಿ ಬಿಗಿಯುವ ತಿರುಪು), ಬ್ರಿಡ್ಜ್, ಫ್ರೆಟ್ ತಂತಿ ಮತ್ತು ಅದರ ಅರಗಳಿಗೆ. ಟ್ಯೂನರ್‌ನಲ್ಲಿ ಉಳಿಸಬೇಡಿ. ಉಳಿಸೋಕೆ ಪಿಕಪ್ (ತಂತಿಯ ಕಂಪನ ಹಿಡಿಯುವ ಅಯಸ್ಕಾಂತದ ಸುರುಳಿ) ಇದೆ: ಹೊಲಿಗೆ ಯಂತ್ರದ ಮೋಟರಿಗೆ ಬಾಬಿನ್ ಕಟ್ಟಿ 0.063 ಮಿ.ಮೀ. ತಾಮ್ರದ ತಂತಿ ಎಂಟು ಸಾವಿರ ಸುತ್ತಿನ ಆಸುಪಾಸು ಸುತ್ತಿದರೆ 6 ಕಿಲೋಓಮ್ ಬರುತ್ತೆ. ಬೆರಳ ಬಿಗಿ ಹೆಚ್ಚಾದರೆ ತಂತಿ ಹರಿಯುತ್ತೆ, ಕಮ್ಮಿಯಾದರೆ ಸುತ್ತು ಸಡಿಲವಾಗಿ ಆಂಪ್ ಜೋರು ಮಾಡಿದಾಗ ಕೀರಲು ಸದ್ದು. ಅದಕ್ಕೇ ಮೇಣದಲ್ಲಿ ಅದ್ದೋದು, 65 ಡಿಗ್ರಿ ದಾಟದಂತೆ. ದಾಟಿದರೆ ಪ್ಲಾಸ್ಟಿಕ್ ಬಾಬಿನ್ ಸೊಟ್ಟಗಾಗುತ್ತೆ. ಇದಕ್ಕೆ 250 ಕಿಲೋಓಮ್ ಪಾಟ್ (ಸದ್ದು ಏರಿಳಿಸುವ ತಿರುಗುಗುಂಡಿ) ಸಾಕು, ಹಂಬಕರ್ (ಜೋಡಿ ಸುರುಳಿಯ ಪಿಕಪ್) ಹಾಕುವವರಿಗೆ 500. ಬ್ರಿಡ್ಜಿಗೆ ಗ್ರೌಂಡ್ ತಂತಿಯ ತೂತನ್ನು ಬಣ್ಣ ಹಚ್ಚುವ ಮೊದಲೇ ಕೊರೆದಿಡಿ.

ತಂತಿ ಬಿಗಿದು ಒಂದೆರಡು ದಿನ ಬಿಟ್ಟ ಮೇಲೆ ರಾಡ್ ತಿರುಗಿಸಿ. ಮೊದಲ ಮತ್ತು ಕೊನೆಯ ಫ್ರೆಟ್‌ನಲ್ಲಿ ತಂತಿ ಒತ್ತಿಹಿಡಿದಾಗ ಏಳನೇ ಫ್ರೆಟ್‌ಗೂ ತಂತಿಗೂ ನಡುವೆ 0.25 ಮಿ.ಮೀ. ಸಂದು ಬಂದರೆ ಅಲ್ಲಿಗೆ ನಿಲ್ಲಿಸಿ, ನಟ್‌ನ ಗೀರು ಇಳಿಸೋದು ಅದಾದ ಮೇಲೆಯೇ.