ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಮೇನ್ಸ್ ಬರೆದೆ

"ಯುಪಿಎಸ್‌ಸಿ ಮೇನ್ಸ್ ಕನ್ನಡದಲ್ಲಿ ಬರೆದರೆ ಆಗುತ್ತಾ?" ಧಾರವಾಡಕ್ಕೆ ಹೋದಾಗಲೆಲ್ಲ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಐಎಎಸ್‌ನಂಥ ಕೇಂದ್ರ ಸೇವೆಗಳಿಗೆ ಯುಪಿಎಸ್‌ಸಿ ನಡೆಸುವ ಪರೀಕ್ಷೆಯಲ್ಲಿ, ಪ್ರಿಲಿಮ್ಸ್ ದಾಟಿದವರು ಬರೆಯುವ ಎರಡನೇ ಹಂತವೇ ಮೇನ್ಸ್. ನಾನು ಅದನ್ನು ಎರಡು ಸಲ ಬರೆದೆ. ಮೊದಲ ಸಲ ಫೇಲಾದೆ. ಎರಡನೇ ಸಲ ಪಾಸಾಗಿ ದೆಹಲಿಗೆ ಸಂದರ್ಶನಕ್ಕೆ ಹೋದೆ, ಕೊನೆಯ ಪಟ್ಟಿಯಲ್ಲಿ ಹೆಸರೂ ಬಂತು. ರ‍್ಯಾಂಕ್ ಐಎಎಸ್‌ಗೆ ಸಾಲುವಷ್ಟಿರಲಿಲ್ಲ, ಕೇಂದ್ರದ ಇನ್ನೊಂದು ಸೇವೆ ಸಿಕ್ಕಿತು. ಎರಡೂ ಸಲ ನಾನು ಓದಿದ ಪುಸ್ತಕಗಳು ಹೆಚ್ಚುಕಡಿಮೆ ಅವೇ. ಬದಲಾಗಿದ್ದು ನನ್ನ ಕನ್ನಡ. ಅದರ ಬಗ್ಗೆಯೇ ಬರೆಯುತ್ತೇನೆ.

ನನ್ನೂರು ಬ್ಯಾಡಗಿ ತಾಲೂಕಿನ ಒಂದು ಹಳ್ಳಿ. ಓದಿದ್ದೆಲ್ಲ ಕನ್ನಡ ಮಾಧ್ಯಮ. ಧಾರವಾಡದಲ್ಲಿ ಬಿಎ ಮುಗಿಸಿ, ಸಪ್ತಾಪುರದಲ್ಲಿ ಇನ್ನಿಬ್ಬರ ಜೊತೆ ರೂಮು ಮಾಡಿದೆ.

ಮೊದಲ ಪ್ರಿಲಿಮ್ಸ್‌ನಲ್ಲಿ ನನ್ನನ್ನು ಕೆಡವಿದ್ದು ಸಿಸ್ಯಾಟ್, ಅಂದರೆ ಗಣಿತ, ರೀಸನಿಂಗ್, ಪ್ಯಾಸೇಜ್‌ಗಳ ಎರಡನೇ ಪತ್ರಿಕೆ. ಪ್ರಿಲಿಮ್ಸ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಬರುತ್ತದೆ. ಸಿಸ್ಯಾಟ್‌ನಲ್ಲಿ 80 ಪ್ರಶ್ನೆ, 200 ಅಂಕ. ಶೇಕಡಾ 33 ತೆಗೆದರೆ ಸಾಕು, ಅದು ರ‍್ಯಾಂಕಿಗೆ ಸೇರುವುದಿಲ್ಲ. ಹಾಗಾಗಿ ನಾನು ಅದನ್ನು ಮುಟ್ಟಿಯೇ ಇರಲಿಲ್ಲ. ಇಂಗ್ಲಿಷ್ ಪ್ಯಾಸೇಜ್‌ಗಳನ್ನು ಓದುವಷ್ಟರಲ್ಲೇ ಸಮಯ ಮುಗಿಯಿತು. ಮರುವರ್ಷ ಲೆಕ್ಕ ಹಾಕಿಕೊಂಡೆ. ಸರಿ ಉತ್ತರಕ್ಕೆ 2.5 ಅಂಕ, ತಪ್ಪಿಗೆ ಅದರ ಮೂರನೇ ಒಂದು ಭಾಗ ಕಡಿತ. ಬೇಕಾಗಿರುವುದು 66. ತಪ್ಪಿಲ್ಲದೆ 27 ಸರಿ ಮಾಡಿದರೆ ದಾಟುತ್ತೇನೆ. ಆರು ತಪ್ಪಾದರೆ 29 ಸರಿ ಬೇಕು. ಗಣಿತ, ರೀಸನಿಂಗ್ ಮೊದಲು ಮುಗಿಸಿ, ಪ್ಯಾಸೇಜ್‌ಗಳನ್ನು ಕೊನೆಗೆ ಇಟ್ಟುಕೊಂಡೆ. ದಿನಕ್ಕೆ ಒಂದು ತಾಸು, ನಾಲ್ಕು ತಿಂಗಳು ಅಭ್ಯಾಸ ಮಾಡಿದೆ. ಮತ್ತೆ ಅದು ತೊಂದರೆ ಕೊಡಲಿಲ್ಲ.

ಇನ್ನು ಮೇನ್ಸ್. ಸಂವಿಧಾನದ ಎಂಟನೇ ಅನುಸೂಚಿಯಲ್ಲಿರುವ ಯಾವ ಭಾಷೆಯಲ್ಲಾದರೂ ಉತ್ತರ ಬರೆಯಬಹುದು. ಆದರೆ ಜಿಎಸ್ (ಸಾಮಾನ್ಯ ಅಧ್ಯಯನ) ಪ್ರಶ್ನೆಪತ್ರಿಕೆ ಇಲ್ಲಿಯೂ ಇಂಗ್ಲಿಷ್, ಹಿಂದಿಯಲ್ಲೇ ಇರುತ್ತದೆ. ಅಂದರೆ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಓದಬೇಕು, ಇಂಗ್ಲಿಷಿನಲ್ಲಿ ಓದಿದ ವಿಷಯ ನೆನಪಿಸಿಕೊಳ್ಳಬೇಕು, ಅದನ್ನು ಕನ್ನಡದಲ್ಲಿ ಹಾಳೆಗೆ ಇಳಿಸಬೇಕು. ಕನ್ನಡ ನನ್ನ ಮನೆಮಾತು, ತಾನಾಗಿ ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ.

ಮೊದಲ ಸಲದ ಅಂಕಪಟ್ಟಿ ನೋಡಿದಾಗ ಎಥಿಕ್ಸ್ (ನೀತಿಶಾಸ್ತ್ರ) ಪತ್ರಿಕೆಯಲ್ಲಿ 250ಕ್ಕೆ 71 ಇತ್ತು. ಅದೇ ಹೊತ್ತಿಗೆ ನಾನು ಮನೆಯಲ್ಲಿ ಬರೆದಿದ್ದ ಒಂದು ಕಟ್ಟು ಉತ್ತರಗಳನ್ನು ನಿವೃತ್ತ ಕನ್ನಡ ಲೆಕ್ಚರರ್ ಒಬ್ಬರ ಹತ್ತಿರ ಒಯ್ದೆ. ಅವರು ಕನ್ನಡಕ ಹಾಕಿಕೊಂಡು ಎರಡು ಹಾಳೆ ಓದಿದರು. ಆಮೇಲೆ ಹೇಳಿದರು: "ತಮ್ಮಾ, ಅಕ್ಷರ ಕನ್ನಡದ್ದು ಅದಾವ. ಮಾತು ಕನ್ನಡದ್ದಲ್ಲ."

ಅವರು ಪೆನ್ಸಿಲ್‌ನಲ್ಲಿ ಗೆರೆ ಎಳೆದ ವಾಕ್ಯ ಇದು: "ಅಧಿಕಾರಿಗಳಿಂದ ಕಾರ್ಯಕ್ರಮವು ಸಮರ್ಪಕವಾಗಿ ಅನುಷ್ಠಾನಗೊಳಿಸಲ್ಪಟ್ಟಿರುವುದಿಲ್ಲ." ನೀವು ಮನೆಯಲ್ಲಿ ಇದನ್ನು ಹೇಗೆ ಹೇಳ್ತೀರಿ ಅಂತ ಕೇಳಿದರು. "ಅಧಿಕಾರಿಗಳು ಕಾರ್ಯಕ್ರಮವನ್ನು ಸರಿಯಾಗಿ ಜಾರಿ ಮಾಡಿಲ್ಲ" ಅಂದೆ. "ಇದನ್ನೇ ಬರಿ" ಅಂದರು. ನನಗೆ ಆವತ್ತು ನಿಜವಾಗಿ ಸಂಕಟವಾಯಿತು. ಇಡೀ ಒಂದು ವರ್ಷ ನಾನು ಇಂಗ್ಲಿಷ್ ನೋಟ್ಸನ್ನು ಪದಕ್ಕೆ ಪದ ಕನ್ನಡ ಮಾಡುತ್ತಾ ಕೂತಿದ್ದೆ. ಮೌಲ್ಯಮಾಪಕರಿಗೆ ನನ್ನ ಉತ್ತರ ಅರ್ಥವಾಗಬೇಕಾದರೆ ಅವರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿಕೊಳ್ಳಬೇಕಿತ್ತು.

ಅಂದು ಸಂಜೆಯೇ 200 ಪುಟದ ಲಾಂಗ್ ಬುಕ್ ಒಂದನ್ನು ತಂದೆ. ಮೂರು ಕಾಲಂ ಹಾಕಿದೆ. ಮೊದಲನೆಯದರಲ್ಲಿ ಇಂಗ್ಲಿಷ್ ಪದ, ಎರಡನೆಯದರಲ್ಲಿ ಕನ್ನಡ ಪದ, ಮೂರನೆಯದರಲ್ಲಿ ಆ ಪದ ಬಳಸಿ ನನ್ನದೇ ಒಂದು ವಾಕ್ಯ. ಮೂರನೇ ಕಾಲಂ ಬಹಳ ಮುಖ್ಯ. ವಾಕ್ಯ ಮಾಡಲು ಬಾರದ ಪದ ಪರೀಕ್ಷೆಯ ಹೊತ್ತಿಗೆ ಕೈಗೆ ಬರುವುದಿಲ್ಲ.

ಪದಗಳನ್ನು ಎಲ್ಲಿಂದ ತರುವುದು? ನಿಘಂಟಿನಿಂದ ತರಲಿಲ್ಲ. ಈಗಾಗಲೇ ಬಳಕೆಯಲ್ಲಿರುವ ಕಡೆಯಿಂದ ತಂದೆ. ರಾಜ್ಯಶಾಸ್ತ್ರದ ಪದಗಳಿಗೆ ಸಂವಿಧಾನದ ಕನ್ನಡ ಅನುವಾದ. ಅರ್ಥಶಾಸ್ತ್ರಕ್ಕೆ ಕರ್ನಾಟಕದ ಆರ್ಥಿಕ ಸಮೀಕ್ಷೆ ಮತ್ತು ಮುಖ್ಯಮಂತ್ರಿಗಳ ಬಜೆಟ್ ಭಾಷಣ. ಯೋಜನೆಗಳ ಬಗ್ಗೆ ಕನ್ನಡದ ಯೋಜನಾ ಪತ್ರಿಕೆ. ವಿಜ್ಞಾನ, ಭೂಗೋಳಕ್ಕೆ ನಮ್ಮ ಹೈಸ್ಕೂಲು, ಪಿಯುಸಿ ಪಠ್ಯಪುಸ್ತಕಗಳು. ತಮ್ಮನ ಹಳೆಯ ಪುಸ್ತಕಗಳನ್ನೆಲ್ಲ ಊರಿನಿಂದ ಚೀಲದಲ್ಲಿ ತುಂಬಿಕೊಂಡು ಬಂದೆ.

ಒಂದು ಉದಾಹರಣೆ ಕೊಡುತ್ತೇನೆ. ಮೊದಲ ಸಲ ಫಿಸ್ಕಲ್ ಡೆಫಿಸಿಟ್ ಅನ್ನುವುದಕ್ಕೆ ‘ಹಣಕಾಸಿನ ಕೊರತೆ’ ಅಂತ ಬರೆದಿದ್ದೆ. ಅದನ್ನು ಓದಿದವರಿಗೆ ಸರ್ಕಾರದ ಹತ್ತಿರ ದುಡ್ಡಿಲ್ಲ ಅಂತಷ್ಟೇ ಅನಿಸುತ್ತದೆ. ಬಜೆಟ್ ಪುಸ್ತಕದಲ್ಲಿ ಅದು ‘ವಿತ್ತೀಯ ಕೊರತೆ’. ರೆವೆನ್ಯೂ ಡೆಫಿಸಿಟ್‌ಗೆ ‘ಕಂದಾಯ ಕೊರತೆ’ ಎಂದಿದ್ದೆ. ಕಂದಾಯ ಅಂದರೆ ನಮ್ಮ ಕಡೆ ಹೊಲದ ಮೇಲಿನ ತೆರಿಗೆ ಅಂತಲೇ ಜನ ತಿಳಿಯೋದು. ‘ರಾಜಸ್ವ ಕೊರತೆ’ ಅಂದರೆ ಗೊಂದಲವಿಲ್ಲ. ಒಂದು ಪದ ಆರಿಸಿಕೊಂಡ ಮೇಲೆ ಎಲ್ಲ ಉತ್ತರಗಳಲ್ಲೂ ಅದನ್ನೇ ಬರೆದೆ. ಪಾರಿಭಾಷಿಕ ಪದಕ್ಕೆ ಪಕ್ಕದ ಆವರಣದಲ್ಲಿ ಇಂಗ್ಲಿಷ್ ರೂಪ ಕೊಡಲು ಆಯೋಗವೇ ಅವಕಾಶ ಕೊಟ್ಟಿದೆ. ಮೊದಲ ಬಾರಿ ಬಂದಾಗ ಒಮ್ಮೆ ಕೊಡುತ್ತಿದ್ದೆ, ಮುಂದೆ ಕನ್ನಡ ಮಾತ್ರ. ಜಿಎಸ್‌ಟಿ, ರೆಪೊ ದರ, ಸಾಫ್ಟ್‌ವೇರ್ ಇಂಥವನ್ನು ಹಾಗೆಯೇ ಬಿಟ್ಟೆ. ಊರಲ್ಲಿ ಅಪ್ಪನಿಗೆ ಹೇಳಿದರೆ ಯಾವ ಪದ ಅರ್ಥವಾಗುತ್ತದೋ ಅದು ಕನ್ನಡದ ಪದ. ನಾನು ಇಟ್ಟುಕೊಂಡ ಅಳತೆ ಅದು.

ಎಥಿಕ್ಸ್ ಪತ್ರಿಕೆಯಲ್ಲಿ ಈ ಲಾಂಗ್ ಬುಕ್ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿತು. ಇಂಗ್ಲಿಷಿನಲ್ಲಿ ಹಾನೆಸ್ಟಿ, ಇಂಟೆಗ್ರಿಟಿ, ಪ್ರೊಬಿಟಿ ಮೂರೂ ಬೇರೆ. ನಾನು ಮೂರಕ್ಕೂ ‘ಪ್ರಾಮಾಣಿಕತೆ’ ಅಂತ ಬರೆದಿದ್ದೆ. ವ್ಯತ್ಯಾಸ ವಿವರಿಸಿ ಎಂಬ ಪ್ರಶ್ನೆಗೆ ಅಂಥ ಉತ್ತರ ಬಂದರೆ ಯಾರು ಅಂಕ ಕೊಡುತ್ತಾರೆ? ಎರಡನೇ ಸಲ ಹೀಗೆ ಬೇರೆ ಮಾಡಿಕೊಂಡೆ: ಸುಳ್ಳು ಹೇಳದಿರುವುದು ಪ್ರಾಮಾಣಿಕತೆ. ಯಾರೂ ನೋಡದಿದ್ದಾಗಲೂ ನಡೆ-ನುಡಿ ಒಂದೇ ಆಗಿರುವುದು ಇಂಟೆಗ್ರಿಟಿ, ಅದಕ್ಕೆ ‘ನಡೆನುಡಿಯ ಏಕತೆ’ ಅಂದೆ. ಸಾರ್ವಜನಿಕ ಹಣ, ಅಧಿಕಾರದ ವಿಷಯದಲ್ಲಿ ಕೈ ಸ್ವಚ್ಛವಾಗಿರುವುದು ಪ್ರೊಬಿಟಿ, ಅದಕ್ಕೆ ‘ಶುದ್ಧಹಸ್ತ’. ಹಾಗೆಯೇ ಸಿಂಪಥಿಗೆ ‘ಮರುಕ’. ಎಂಪಥಿಗೆ ಒಂದೇ ಪದದ ಹಟ ಬಿಟ್ಟು, ‘ಅವರ ಜಾಗದಲ್ಲಿ ನಿಂತು ನೋಡುವುದು’ ಎಂದು ಬರೆದೆ. ಕಾಯಕ, ದಾಸೋಹ ಎಂಬ ಎರಡು ಮಾತುಗಳ ಹಿಂದೆ ಹನ್ನೆರಡನೇ ಶತಮಾನದ ಶರಣರ ಇಡೀ ಯೋಚನೆ ಇದೆ. ಇಂಗ್ಲಿಷಿನಲ್ಲಿ ಬರೆಯುವವರು ಅದನ್ನು ಒಂದು ಪ್ಯಾರಾದಲ್ಲಿ ವಿವರಿಸಬೇಕು. ನಮಗೆ ಪದವೇ ಸಾಕು.

ಉದಾಹರಣೆಗಳನ್ನೂ ಹತ್ತಿರದಿಂದಲೇ ತಂದೆ. ಮೊದಲ ಸಲ ಎಲ್ಲರೂ ಬರೆಯುವ ಉದಾಹರಣೆಗಳನ್ನೇ ಬರೆದಿದ್ದೆ. ಆಮೇಲೆ ನೋಡಿದರೆ ಸ್ಥಳೀಯ ಸರ್ಕಾರದ ವಿಷಯದಲ್ಲಿ ಕರ್ನಾಟಕದ್ದೇ ದೊಡ್ಡ ಕಥೆ. 1983ರ ಕಾಯ್ದೆಯೇ ಮಹಿಳೆಯರಿಗೆ ಶೇಕಡಾ 25 ಸ್ಥಾನ ಮೀಸಲಿಟ್ಟಿತ್ತು, 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದವು. 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಆಗ ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬರನ್ನು ನಮ್ಮ ಹಿರಿಯರು ‘ನೀರ್ ಸಾಬ್’ ಅಂತ ಈಗಲೂ ನೆನೆಯುತ್ತಾರೆ. ಹಳ್ಳಿಗಳಲ್ಲಿ ಅವರು ಕೊರೆಸಿದ ಬೋರ್‌ವೆಲ್‌ಗಳಿಂದ ಬಂದ ಹೆಸರು ಅದು. ಸೇವೆಯ ಖಾತರಿಗೆ 2011ರ ಸಕಾಲ ಕಾಯ್ದೆ: ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಇ-ಆಡಳಿತಕ್ಕೆ, ಪಹಣಿಯನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆ. ಕೈಬರಹದ ಪಹಣಿಗಾಗಿ ಎಷ್ಟು ಸಲ ಓಡಾಡಬೇಕಿತ್ತು ಅಂತ ಅಪ್ಪ ಹೇಳಿದ್ದನ್ನು ಕೇಳಿಕೊಂಡೇ ಆ ಉತ್ತರ ತಯಾರು ಮಾಡಿದೆ.

ವೇಗದ ಮಾತು ಹೇಳಲೇಬೇಕು. ಜಿಎಸ್‌ನ ಮೊದಲ ಮೂರು ಪತ್ರಿಕೆಗಳಲ್ಲಿ ತಲಾ 20 ಪ್ರಶ್ನೆ. ಹತ್ತು ಪ್ರಶ್ನೆಗೆ ಹತ್ತು ಅಂಕ, ಉಳಿದ ಹತ್ತಕ್ಕೆ 15 ಅಂಕ. ಸಮಯ 180 ನಿಮಿಷ. ಚಿಕ್ಕದಕ್ಕೆ 7, ದೊಡ್ಡದಕ್ಕೆ 11 ನಿಮಿಷ. ಯೋಚನೆಗೆ ಬೇರೆ ಸಮಯವಿಲ್ಲ. ಬೆಳಿಗ್ಗೆ ಒಂದು ಪತ್ರಿಕೆ, ಮಧ್ಯಾಹ್ನ ಇನ್ನೊಂದು. ಕನ್ನಡದ ಒತ್ತಕ್ಷರ, ದೀರ್ಘ ಬರೆಯಲು ಹೊತ್ತು ಹಿಡಿಯುತ್ತದೆ. ಮೊದಲ ಸಲ ಬೆಂಗಳೂರಿನ ಪರೀಕ್ಷಾ ಕೇಂದ್ರದಲ್ಲಿ ಎರಡನೇ ಪತ್ರಿಕೆಯ ನಾಲ್ಕು ಪ್ರಶ್ನೆ ಮುಟ್ಟಲೇ ಆಗಲಿಲ್ಲ. ಕೈ ಮರಗಟ್ಟಿತ್ತು.

ಆದರೆ ಕನ್ನಡಕ್ಕೆ ಒಂದು ಅನುಕೂಲವೂ ಇದೆ. ನಮ್ಮ ಪದ ಉದ್ದ, ಆದ್ದರಿಂದ ಪದಗಳು ಕಡಿಮೆ. ‘ಮಾಡಲಾಗದಿದ್ದರೂ’ ಎಂಬ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ನಾಲ್ಕೈದು ಪದ ಬೇಕು. ಚಿಕ್ಕ ಉತ್ತರಕ್ಕೆ 150 ಪದ ಅಂದರೆ ಕನ್ನಡದಲ್ಲೂ 150 ತುಂಬಿಸಬೇಕು ಅಂತ ಮೊದಲು ಒದ್ದಾಡುತ್ತಿದ್ದೆ. ಎರಡನೇ ಸಲ ನೂರರ ಆಸುಪಾಸಿನಲ್ಲಿ ನಿಲ್ಲಿಸಿದೆ. ಹೇಳಬೇಕಾದದ್ದು ಅಷ್ಟರಲ್ಲೇ ಮುಗಿಯುತ್ತಿತ್ತು. ಕೂಡುಪದ ಒಡೆದು, ವಾಕ್ಯ ಚಿಕ್ಕದು ಮಾಡಿದ ಮೇಲೆ ಕೈಯೂ ಹಗುರವಾಯಿತು. ಇದನ್ನು ಎಷ್ಟು ಹೇಳಿದರೂ ಸಾಲದು: ಸರಳ ಕನ್ನಡ ಬೇಗ ಬರೆಯಲು ಆಗುತ್ತದೆ.

ದಿನಕ್ಕೆ ನಾಲ್ಕು ಉತ್ತರ ಬರೆಯುತ್ತಿದ್ದೆ, ಮೊಬೈಲ್‌ನಲ್ಲಿ ಟೈಮರ್ ಇಟ್ಟು. ಕನ್ನಡದಲ್ಲಿ ಟೆಸ್ಟ್ ಸೀರೀಸ್ ಸಿಗುವುದು ಕಷ್ಟ. ರೂಮಿನ ಗೆಳೆಯ ಇಂಗ್ಲಿಷಿನಲ್ಲಿ ತಯಾರಿ ಮಾಡುತ್ತಿದ್ದ. ನನ್ನ ಉತ್ತರ ಓದಿ, ಪ್ರಶ್ನೆ ಏನಿತ್ತು ಅಂತ ಅವನು ಊಹಿಸಬೇಕು. ನಮ್ಮ ಒಪ್ಪಂದ ಅದು. ಊಹಿಸಲು ಆಗದಿದ್ದರೆ ನಾನು ಪ್ರಶ್ನೆ ಬಿಟ್ಟು ಬೇರೇನೋ ಬರೆದಿದ್ದೇನೆ ಅಂತ ಅರ್ಥ. ‘ಚರ್ಚಿಸಿ’ ಎಂದರೆ ಎರಡೂ ಕಡೆ ಹೇಳಬೇಕು, ‘ವಿಮರ್ಶಾತ್ಮಕವಾಗಿ ಪರಿಶೀಲಿಸಿ’ ಎಂದರೆ ಕೊನೆಗೆ ನನ್ನ ತೀರ್ಮಾನವೂ ಬೇಕು. ಇದು ನನಗೆ ಕೈಗೆ ಹತ್ತಿದ್ದು ಈ ಆಟದಿಂದಲೇ.

ಆಪ್ಷನಲ್, ಅಂದರೆ ನಾವೇ ಆರಿಸಿಕೊಳ್ಳುವ ವಿಷಯ, ನನ್ನದು ಕನ್ನಡ ಸಾಹಿತ್ಯ. ಎರಡು ಪತ್ರಿಕೆ, 500 ಅಂಕ, ಪ್ರಶ್ನೆ ಕನ್ನಡದಲ್ಲೇ ಇರುತ್ತದೆ. ಪಂಪನ ವಿಕ್ರಮಾರ್ಜುನ ವಿಜಯದ 12, 13ನೇ ಆಶ್ವಾಸ, ಕುಮಾರವ್ಯಾಸನ ಕರ್ಣಪರ್ವ ಎರಡೂ ಪಠ್ಯದಲ್ಲಿವೆ. ಸಾರಾಂಶದ ಗೈಡ್ ಓದಿ ಬರೆದರೆ ಎಲ್ಲರ ಉತ್ತರವೂ ಒಂದೇ ತರಹ ಆಗುತ್ತದೆ. ನಾನು ಬೆಳಿಗ್ಗೆ ಐದೂವರೆಗೆ ಎದ್ದು ಮೂಲವನ್ನೇ ಗಟ್ಟಿಯಾಗಿ ಓದುತ್ತಿದ್ದೆ. ಮೊದಲ ತಿಂಗಳು ಹಳಗನ್ನಡ ಏನೂ ತಿಳಿಯಲಿಲ್ಲ. ಎರಡನೇ ತಿಂಗಳು ಕಿವಿಗೆ ಹತ್ತಿತು. ಇಬ್ಬರು ಕವಿಗಳ ಕರ್ಣನನ್ನು ಪಕ್ಕಪಕ್ಕ ಇಟ್ಟು ನೋಡುವುದರಲ್ಲಿ ನನಗೆ ಸಿಕ್ಕ ಸಂತೋಷ ಬೇರೆ ಯಾವ ಪತ್ರಿಕೆಯಲ್ಲೂ ಸಿಗಲಿಲ್ಲ. ಅಂಕವೂ ಇಲ್ಲೇ ಚೆನ್ನಾಗಿ ಬಂತು.

ಕಡ್ಡಾಯ ಭಾಷಾ ಪತ್ರಿಕೆಗಳು, ಕನ್ನಡದ್ದು ಮತ್ತು ಇಂಗ್ಲಿಷಿನದು, ತಲಾ 300 ಅಂಕದವು, ಶೇಕಡಾ 25 ಬಂದರೆ ಸಾಕು. ನನ್ನ ಭಯ ಇದ್ದದ್ದು ಇಂಗ್ಲಿಷಿನದರ ಮೇಲೆ. ವಾರಕ್ಕೊಂದು ಸಾರಲೇಖನ, ಒಂದು ಪ್ರಬಂಧ ಬರೆದೆ, ಸಾಕಾಯಿತು. ಅದರಲ್ಲಿ ಪಾಸಾಗದಿದ್ದರೆ ಉಳಿದ ಪತ್ರಿಕೆಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ದಯವಿಟ್ಟು ಬಿಡಬೇಡಿ.

ಸಂದರ್ಶನ 275 ಅಂಕದ್ದು. ಕನ್ನಡವನ್ನೇ ಆರಿಸಿಕೊಂಡೆ. ಆಯೋಗವೇ ದುಭಾಷಿಯನ್ನು ಕೊಡುತ್ತದೆ. ಇದಕ್ಕೆ ಬೇರೆ ತಯಾರಿ ಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ. ಅಣಕು ಸಂದರ್ಶನದಲ್ಲಿ ಗೆಳೆಯನನ್ನೇ ದುಭಾಷಿ ಮಾಡಿ ಕೂರಿಸಿದೆವು. ನಾನು ಒಂದೇ ಉಸಿರಿಗೆ ಆರು ವಾಕ್ಯ ಹೇಳಿದೆ, ಅವನು ಮೂರನ್ನು ಮಾತ್ರ ಇಂಗ್ಲಿಷಿಗೆ ಒಯ್ದ. ಉಳಿದ ಮೂರು ಮಂಡಳಿಗೆ ತಲುಪುವುದೇ ಇಲ್ಲ ಅಲ್ವಾ? ಎರಡು ವಾಕ್ಯ ಹೇಳಿ ನಿಲ್ಲುವುದು, ಮುಖ್ಯ ಮಾತನ್ನು ಮೊದಲು ಹೇಳುವುದು, ಅಂಕಿಗಳನ್ನು ನಿಧಾನವಾಗಿ ಹೇಳುವುದು ರೂಢಿ ಮಾಡಿಕೊಂಡೆ. ಪ್ರಶ್ನೆ ಇಂಗ್ಲಿಷಿನಲ್ಲೇ ಅರ್ಥವಾದರೂ ಅನುವಾದ ಮುಗಿಯುವವರೆಗೆ ಕಾದೆ. ಯೋಚಿಸಲು ಅಷ್ಟು ಹೊತ್ತು ಸಿಗುತ್ತಿತ್ತು.

ದೆಹಲಿಯಲ್ಲಿ ಆಯೋಗದ ಕಚೇರಿಯಾದ ಧೋಲ್‌ಪುರ್ ಹೌಸ್‌ನ ಆ ಕೋಣೆಯಲ್ಲಿ ನನ್ನ ತಾಲೂಕಿನ ಹೆಸರು ನೋಡಿ ಒಬ್ಬ ಸದಸ್ಯರು ಮೆಣಸಿನಕಾಯಿ ಬಗ್ಗೆ ಕೇಳಿದರು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ, ಖಾರ ಕಡಿಮೆ, ಬಣ್ಣ ಜಾಸ್ತಿ, ಬಣ್ಣಕ್ಕಾಗಿಯೇ ಓಲಿಯೋರೆಸಿನ್ ಎಂಬ ಸಾರ ತೆಗೆಯುತ್ತಾರೆ ಅಂದೆ. ಅದರಲ್ಲಿ ಕಡ್ಡಿ, ಡಬ್ಬಿ ಅಂತ ಎರಡು ಬಗೆ ಇವೆ ಅಂತಲೂ ಹೇಳಿದೆ. ದುಭಾಷಿ ಅಲ್ಲಿ ತಡೆದರು. ‘ಡಬ್ಬಿ’ ಅಂದರೆ ಪೆಟ್ಟಿಗೆಯೇ ಅಂತ ಮೆಲ್ಲಗೆ ನನ್ನನ್ನೇ ಕೇಳಿದರು. ಅಲ್ಲ ಸರ್, ಗಿಡ್ಡಗೆ, ದಪ್ಪಗೆ, ಮೈಯೆಲ್ಲ ಸುಕ್ಕು ಇರುತ್ತದೆ ಅಂತ ಬೆರಳಲ್ಲಿ ಅಳತೆ ತೋರಿಸಿದೆ. ಕಡ್ಡಿ ಇಷ್ಟುದ್ದ, ತೆಳ್ಳಗೆ. ಪ್ರಶ್ನೆ ಕೇಳಿದ ಸದಸ್ಯರು ಅನುವಾದಕ್ಕೆ ಕಾಯದೆ ತಲೆಯಾಡಿಸಿ, ಮುಂದಿನ ಪ್ರಶ್ನೆಗೆ ಹೋದರು.